ಚಾಮರಾಜ ಒಡೆಯರ ಗಾರ್ಡಿಯನ್ ಮ್ಯಾಲೆಸನ್, 1857ರ ಚರಿತ್ರೆ ಬರೆದ ಮ್ಯಾಲೆಸನ್: ಇಬ್ಬರೂ ಒಬ್ಬರೇ?

ಕಪಾಟಿನ ಇಲಿ:
1857ರ ಬಗ್ಗೆ ಯಾವ ಪುಸ್ತಕ ತೆರೆದರೂ ‘ಕೇ ಮತ್ತು ಮ್ಯಾಲೆಸನ್’ ಎಂಬ ಜೋಡಿ ಹೆಸರು ಎದುರಾಗುತ್ತದೆ. ಈಗ ಹತ್ತನೆಯ ಚಾಮರಾಜ ಒಡೆಯರ ಬಾಲ್ಯದ ಬಗ್ಗೆ ಓದುತ್ತಿದ್ದೇನೆ. ಅಲ್ಲಿಯೂ ಒಬ್ಬ ಕರ್ನಲ್ ಮ್ಯಾಲೆಸನ್ ಇದ್ದಾರೆ, ಬಾಲ ಮಹಾರಾಜರ ಗಾರ್ಡಿಯನ್ ಆಗಿ. ಇಬ್ಬರೂ ಒಬ್ಬರೇ ಆಗಿದ್ದರೆ ಅಷ್ಟು ದೊಡ್ಡ ಚರಿತ್ರಕಾರರು ಮೈಸೂರಿನಲ್ಲಿದ್ದ ವಿಷಯ ನಮ್ಮಲ್ಲಿ ಏಕೆ ಚರ್ಚೆಯಾಗುವುದಿಲ್ಲ? ಇನ್ನೊಂದು ಪ್ರಶ್ನೆ. ಅವರ ಬರಹವನ್ನು ಎಷ್ಟರಮಟ್ಟಿಗೆ ನಂಬಬಹುದು? ನನ್ನ ಸೋದರಮಾವ ‘ಅವರು ಚರಿತ್ರಕಾರರಲ್ಲ, ಪತ್ರಕರ್ತರು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ತಿಳಿದವರು ಹೇಳಿ.

ಕೋಟೆಬಾಗಿಲು:
ಒಬ್ಬರೇ. ಜಾರ್ಜ್ ಬ್ರೂಸ್ ಮ್ಯಾಲೆಸನ್, 1825–1898.

ಧಾರವಾಡದ ಟೀಚರ್:
ಕೋಟೆಬಾಗಿಲು ಅವರ ಉತ್ತರ ಸರಿ, ಆದರೆ ಅಷ್ಟಕ್ಕೇ ಬಿಡುವ ವಿಷಯವಲ್ಲ ಇದು.

ಹುಟ್ಟಿದ್ದು ಲಂಡನ್ ಪಕ್ಕದ ವಿಂಬಲ್ಡನ್‌ನಲ್ಲಿ, ಓದಿದ್ದು ವಿಂಚೆಸ್ಟರ್ ಶಾಲೆಯಲ್ಲಿ. 1842ರಲ್ಲಿ, ಹದಿನೇಳರ ವಯಸ್ಸಿಗೆ, ಕಂಪನಿಯ ಬಂಗಾಳ ಸೇನೆ ಸೇರಿದರು. 1852ರಲ್ಲಿ ಸೇನೆಯ ಸರಬರಾಜು ಇಲಾಖೆಗೆ ಹೋದರು. ಎರಡನೆಯ ಬರ್ಮಾ ಯುದ್ಧ ನೋಡಿದರು. 1856ರಲ್ಲಿ ಕಲ್ಕತ್ತೆಯ ಸೇನಾ ಲೆಕ್ಕಪರಿಶೋಧನೆಯ ಕಚೇರಿಗೆ ಬಂದರು. ಮರುವರ್ಷವೇ ದಂಗೆ. ದೆಹಲಿಯಲ್ಲಿ, ಕಾನ್ಪುರದಲ್ಲಿ, ಲಖನೌದಲ್ಲಿ ಜನ ಸಾಯುತ್ತಿದ್ದಾಗ ಮ್ಯಾಲೆಸನ್ ಕಲ್ಕತ್ತೆಯಲ್ಲಿ ಲೆಕ್ಕ ನೋಡುತ್ತಿದ್ದರು. ಬಂಡಾಯದ ಅತ್ಯಂತ ಪ್ರಸಿದ್ಧ ಚರಿತ್ರೆ ಬರೆದವರು ಬಂಡಾಯದ ರಣರಂಗದಲ್ಲಿ ಇರಲಿಲ್ಲ. ಅವರ ಯುದ್ಧವರ್ಣನೆ ಓದಿದರೆ ಇದು ಯಾರಿಗೂ ಹೊಳೆಯುವುದಿಲ್ಲ.

ಅವರಿಗೆ ಮೊದಲ ಹೆಸರು ತಂದದ್ದು ಒಂದು ಕಿರುಹೊತ್ತಗೆ. ಬಂಗಾಳ ಸೇನೆಯ ದಂಗೆಯ ಮೇಲೆ 1857ರಲ್ಲೇ, ಇನ್ನೂ ಗುಂಡಿನ ಸದ್ದು ನಿಲ್ಲುವ ಮೊದಲೇ ಬರೆದದ್ದು. ಲೇಖಕರ ಹೆಸರಿರಲಿಲ್ಲ, ‘ಸರ್ ಚಾರ್ಲ್ಸ್ ನೇಪಿಯರ್ ಕೈಕೆಳಗೆ ದುಡಿದವನು’ ಎಂದಷ್ಟೇ ಇತ್ತು. ಜನ ಅದನ್ನು ‘ಕೆಂಪು ಹೊತ್ತಗೆ’ ಎಂದೇ ಕರೆದರು. ದಂಗೆಯ ಹೊಣೆಯನ್ನು ಅವರು ಹೊರಿಸಿದ್ದು ಮುಖ್ಯವಾಗಿ ಹಿಂದಿನ ಗವರ್ನರ್ ಜನರಲ್ ಡಾಲ್‌ಹೌಸಿಯ ಆಡಳಿತದ ಮೇಲೆ, ಅದರಲ್ಲೂ 1856ರಲ್ಲಿ ಅವಧ್ ರಾಜ್ಯವನ್ನು ನುಂಗಿದ್ದರ ಮೇಲೆ.

ಸಂದೇಹಿ:
ಸರ್ಕಾರದ ಸಂಬಳ ತಿನ್ನುತ್ತಾ ಹೆಸರು ಮುಚ್ಚಿಟ್ಟುಕೊಂಡು ಸರ್ಕಾರವನ್ನೇ ಬೈಯುವುದು ಯಾವ ಧೈರ್ಯ?

ನಿವೃತ್ತ ಲೆಕ್ಕಿಗ:
ಸಂದೇಹಿಗಳೇ, ಮೂವತ್ತು ವರ್ಷ ಲೆಕ್ಕಪತ್ರ ಇಲಾಖೆಯಲ್ಲಿ ದುಡಿದವನು ಹೇಳುತ್ತಿದ್ದೇನೆ, ಯಾವ ಮೇಲಧಿಕಾರಿ ಎಲ್ಲಿ ಎಡವಿದ ಎಂದು ಮೊದಲು ತಿಳಿಯುವುದು ಲೆಕ್ಕ ನೋಡುವವನಿಗೇ! ಹೆಸರು ಹಾಕಿದ್ದರೆ ಮರುದಿನವೇ ನೌಕರಿ ಹೋಗುತ್ತಿತ್ತು. ಆ ಕಾಲದ ಲೇಖನಗಳೂ ಸಂಪಾದಕೀಯಗಳೂ ಬಹುಪಾಲು ಹೆಸರಿಲ್ಲದೆಯೇ ಅಚ್ಚಾಗುತ್ತಿದ್ದವು. ಅದೇ ರೂಢಿ.

ಕೋಟೆಬಾಗಿಲು:
ಇನ್ನೊಂದು ಸಂಗತಿ ಮರೆಯಬೇಡಿ. 1857ರ ಜೂನ್‌ನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯ್ದೆ ತಂದಿದ್ದರು. ಪರವಾನಗಿ ಇಲ್ಲದೆ ಮುದ್ರಣಾಲಯ ನಡೆಸುವಂತಿರಲಿಲ್ಲ. ಭಾರತೀಯರ ಪತ್ರಿಕೆ, ಇಂಗ್ಲಿಷರ ಪತ್ರಿಕೆ ಎಂಬ ಭೇದವನ್ನೂ ಆ ಕಾಯ್ದೆ ಮಾಡಲಿಲ್ಲ; ಕಲ್ಕತ್ತೆಯ ಬಿಳಿಯರು ಸಿಡಿದೆದ್ದದ್ದು ಅದಕ್ಕೇ. ಕೆಂಪು ಹೊತ್ತಗೆ ಅಚ್ಚಾದದ್ದು ಲಂಡನ್ನಿನಲ್ಲಿ.

ಸಂದೇಹಿ:
ಸರಿ, ಹೆಸರಿನ ವಿಷಯ ಬಿಡುತ್ತೇನೆ. ಆದರೆ ‘ನೇಪಿಯರ್ ಕೈಕೆಳಗೆ ದುಡಿದವನು’ ಎಂದು ಹಾಕಿಕೊಂಡದ್ದರಲ್ಲೇ ಪಕ್ಷ ಗೊತ್ತಾಗುವುದಿಲ್ಲವೇ? ಸಿಪಾಯಿಗಳ ಭತ್ಯೆಯ ವಿಷಯದಲ್ಲಿ ದಂಡನಾಯಕ ನೇಪಿಯರ್ ಮತ್ತು ಗವರ್ನರ್ ಜನರಲ್ ಡಾಲ್‌ಹೌಸಿ ಕಚ್ಚಾಡಿಕೊಂಡು, ನೇಪಿಯರ್ ರಾಜೀನಾಮೆ ಕೊಟ್ಟು ಹೋದವರು. ಅಂದ ಮೇಲೆ ಮುಖಪುಟ ತಿರುಗಿಸುವ ಮೊದಲೇ ತೀರ್ಪು ಸಿದ್ಧವಾಗಿತ್ತು. ಕಪಾಟಿನ ಇಲಿಯ ಸೋದರಮಾವ ಹೇಳಿದ್ದೇ ಸರಿ.

ಅರಮನೆ ರಸ್ತೆ:
ಎಲ್ಲರೂ ಕಲ್ಕತ್ತೆಯಲ್ಲೇ ಸುತ್ತುತ್ತಿದ್ದೀರಿ. ಕೇಳಿದ್ದು ಮೈಸೂರಿನ ವಿಷಯ.

1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅದನ್ನು ಮರಳಿ ಪಡೆಯಲು ಅವರು ಜೀವನಪೂರ್ತಿ ಅರ್ಜಿ ಬರೆದರು. ಮುಮ್ಮಡಿಯವರ ಕಾಲಾನಂತರ ಮೈಸೂರು ಇಂಗ್ಲಿಷರ ಪಾಲಾಗಬೇಕು ಎಂಬುದು ಡಾಲ್‌ಹೌಸಿಯ ಇಚ್ಛೆಯಾಗಿತ್ತು. 1856ರಲ್ಲಿ ಹಾಗೆಂದು ಬರೆದೂ ಇಟ್ಟರು. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಅದನ್ನು ಒಪ್ಪಬೇಕೇ ಬೇಡವೇ ಎಂದು ಲಂಡನ್ನಿನವರೆಗೆ ಜಗಳವಾಯಿತು. ಕಡೆಗೆ 1867ರಲ್ಲಿ ಮೈಸೂರನ್ನು ಅರಸು ಮನೆತನಕ್ಕೇ ಉಳಿಸುವುದೆಂದು ತೀರ್ಮಾನವಾಯಿತು. ಮುಮ್ಮಡಿಯವರು 1868ರ ಮಾರ್ಚ್‌ನಲ್ಲಿ ತೀರಿಕೊಂಡರು. ಐದು ವರ್ಷದ ಮಗುವಿಗೆ ಪಟ್ಟವಾಯಿತು.

1869ರಲ್ಲಿ ಆ ಮಗುವಿನ ಗಾರ್ಡಿಯನ್ ಆಗಿ ವೈಸರಾಯ್ ಮೇಯೋ ಆರಿಸಿದ್ದು ಯಾರನ್ನು? ದೇಶೀ ಸಂಸ್ಥಾನಗಳನ್ನು ನುಂಗಿದ್ದೇ ದಂಗೆಗೆ ಕಾರಣ ಎಂದು ಬರೆದ ಮನುಷ್ಯನನ್ನು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ನುಂಗದೆ ಉಳಿಸಿದ ಸಂಸ್ಥಾನದ ಅರಸನನ್ನು ಬೆಳೆಸಲು ನುಂಗುವುದನ್ನು ವಿರೋಧಿಸಿದವರೇ ಬೇಕಾಗಿತ್ತು.

ಧಾರವಾಡದ ಟೀಚರ್:
ಅರಮನೆ ರಸ್ತೆಯವರೇ, ವಾದ ಚೆನ್ನಾಗಿದೆ, ಆದರೆ ಅಷ್ಟು ದೂರ ಎಳೆಯಬೇಡಿ. ಆ ಹೊತ್ತಿಗೆ ಅವರು ಬಂಗಾಳದ ಸ್ಯಾನಿಟರಿ ಕಮಿಷನರ್ ಆಗಿ, ಸೇನಾ ಹಣಕಾಸು ವಿಭಾಗದ ನಿಯಂತ್ರಕರಾಗಿ ಹಿರಿಯ ಅಧಿಕಾರಿಯಾಗಿದ್ದರು. ಮೇಯೋ ಅವರಿಗೆ ಬೇಕಾಗಿದ್ದದ್ದು ಓದು ಬರಹ ಇದ್ದ, ವಿಶ್ವಾಸಕ್ಕೆ ಅರ್ಹನಾದ ಒಬ್ಬ ಮಿಲಿಟರಿ ಮನುಷ್ಯ. ಕೆಂಪು ಹೊತ್ತಗೆ ಬಂದು ಹನ್ನೆರಡು ವರ್ಷ ಕಳೆದಿತ್ತು.

ಅರಮನೆ ರಸ್ತೆ:
ಹನ್ನೆರಡು ವರ್ಷದಲ್ಲಿ ಅಭಿಪ್ರಾಯ ಬದಲಾಗಿರಲಿಲ್ಲವಲ್ಲ ಟೀಚರ್. ಆಮೇಲಿನ ಚರಿತ್ರೆಯಲ್ಲೂ ಅದನ್ನೇ ಬರೆದರು.

ನರಗುಂದದ ಹುಡುಗ:
ಮೈಸೂರಿನವರಿಗೆ ಮಹಾರಾಜರದೇ ಚಿಂತೆ. ನಮ್ಮ ನರಗುಂದದ ಅರಸ ಬಾಬಾಸಾಹೇಬರ ವಿಷಯ ಮ್ಯಾಲೆಸನ್ ಏನು ಬರೆದಿದ್ದಾರೆ ಎಂದು ಯಾರಾದರೂ ಓದಿದ್ದೀರಾ? ಅಲ್ಲಿ ಕಥೆ ನಡೆಯುವುದು ಇಂಗ್ಲಿಷ್ ಅಧಿಕಾರಿಗಳ ಸುತ್ತ: ಕೊಲೆಯಾದ ಏಜೆಂಟ್ ಮ್ಯಾನ್ಸನ್, ನರಗುಂದಕ್ಕೆ ದಂಡೆತ್ತಿ ಬಂದ ಮಾಲ್ಕಂ, ಮೇಲುಸ್ತುವಾರಿಯ ಜೇಕಬ್. ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅರಸರಿಗೆ ದತ್ತು ಮಗ ಬೇಡವೆಂದವರು ಇಂಗ್ಲಿಷರೇ, ಆಯುಧ ಒಪ್ಪಿಸು ಎಂದವರೂ ಅವರೇ.

ಧಾರವಾಡದ ಟೀಚರ್:
ತಮ್ಮಾ, ಕೋಪ ನ್ಯಾಯವಾದದ್ದೇ. ಆದರೆ ದತ್ತು ನಿರಾಕರಣೆಯೇ ಅಲ್ಲಿನ ಅಸಮಾಧಾನದ ಬೇರು ಎಂಬುದನ್ನು ಮ್ಯಾಲೆಸನ್ ಅಲ್ಲಗಳೆಯುವುದಿಲ್ಲ. ಡಾಲ್‌ಹೌಸಿಯ ಮೇಲಿನ ಅವರ ಹಳೆಯ ಆರೋಪಕ್ಕೆ ಅದು ಇನ್ನೊಂದು ಸಾಕ್ಷಿಯಷ್ಟೇ. ಅವರಿಗೆ ಸಿಗದೇ ಹೋದದ್ದು ನಮ್ಮ ಜನರ ಮಾತು. ಹಲಗಲಿಯ ಬೇಡರ ಬಂಡಾಯವನ್ನೇ ನೋಡಿ. ಆ ಊರನ್ನು ಸುಟ್ಟ ಕಥೆ ನಮಗೆ ಜೀವಂತವಾಗಿ ಸಿಕ್ಕಿದ್ದು ಲಾವಣಿಯಿಂದ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಫ್ಲೀಟ್. ಅವರೂ ಇಂಗ್ಲಿಷ್ ಅಧಿಕಾರಿಯೇ. ಒಬ್ಬರು ಹಾಡಿದವರ ಬಾಯಿಂದ ಕೇಳಿ ಬರೆದುಕೊಂಡರು, ಇನ್ನೊಬ್ಬರು ಅಧಿಕಾರಿಗಳ ಪತ್ರಗಳನ್ನು ಓದಿ ಬರೆದರು.

ಮಂಡ್ಯದ ಬೆಲ್ಲ:
ಹತ್ತನೆಯ ತರಗತಿಯಲ್ಲಿ ಹಲಗಲಿ ಲಾವಣಿಯನ್ನು ರಾಗವಾಗಿ ಹಾಡಿಸುತ್ತಿದ್ದರು ನಮ್ಮ ಮೇಷ್ಟ್ರು. ಈಗಲೂ ಅರ್ಧ ಬಾಯಿಗೆ ಬರುತ್ತದೆ.

ಕಪಾಟಿನ ಇಲಿ:
ಹಾಗಾದರೆ ಆ ಪ್ರಸಿದ್ಧ ಆರು ಸಂಪುಟದ ಚರಿತ್ರೆಯನ್ನು ಕೇ ಮತ್ತು ಮ್ಯಾಲೆಸನ್ ಜೊತೆಯಾಗಿ ಬರೆದದ್ದಲ್ಲವೇ?

ಕೋಟೆಬಾಗಿಲು:
ಅಲ್ಲವೇ ಅಲ್ಲ. ಅದೊಂದು ಸ್ವಾರಸ್ಯದ ಜಗಳ.

ಜಾನ್ ವಿಲಿಯಂ ಕೇ ಕೂಡ ಸೈನಿಕನಾಗಿ ಬಂದು ಪತ್ರಿಕೆಗೆ ತಿರುಗಿದವರು. 1844ರಲ್ಲಿ ‘ಕಲ್ಕತ್ತಾ ರಿವ್ಯೂ’ ಆರಂಭಿಸಿದ್ದು ಅವರೇ. ಆಮೇಲೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಜಾನ್ ಸ್ಟೂವರ್ಟ್ ಮಿಲ್ ತೆರವು ಮಾಡಿದ ಹೊಣೆ ವಹಿಸಿಕೊಂಡರು. ಸಿಪಾಯಿ ಯುದ್ಧದ ಚರಿತ್ರೆಯ ಮೊದಲ ಸಂಪುಟವನ್ನು 1864ರಲ್ಲೂ ಎರಡನೆಯದನ್ನು 1870ರಲ್ಲೂ ಮೂರನೆಯದನ್ನು 1876ರಲ್ಲೂ ತಂದು, ಅದೇ ವರ್ಷ ತೀರಿಕೊಂಡರು. ಕೆಲಸ ಅರ್ಧಕ್ಕೇ ನಿಂತಿತು.

ಮುಂದುವರಿಸುವ ಹೊಣೆ ಮ್ಯಾಲೆಸನ್ ಪಾಲಿಗೆ ಬಂತು. ಕೇ ನಿಲ್ಲಿಸಿದ ಕಡೆಯಿಂದ ಅವರು ಶುರುಮಾಡಬೇಕಿತ್ತು. ಮಾಡಲಿಲ್ಲ! ಕೇ ಅವರ ಮೂರನೆಯ ಸಂಪುಟದ ತೀರ್ಮಾನಗಳು ತಮಗೆ ಒಪ್ಪಿಗೆಯಿಲ್ಲವೆಂದು, ಎರಡನೆಯ ಸಂಪುಟದ ಕೊನೆಗೆ ಹಿಂತಿರುಗಿ, ಮೂರನೆಯದರ ವಿಷಯವನ್ನೇ ಮತ್ತೊಮ್ಮೆ ತಮ್ಮ ರೀತಿಯಲ್ಲಿ ಬರೆದರು. 1878ರಿಂದ 1880ರೊಳಗೆ ಮೂರು ಸಂಪುಟ. ಕೆಲವು ಘಟನೆಗಳಿಗೆ ಓದುಗರ ಕೈಯಲ್ಲಿ ಎರಡೆರಡು ಚರಿತ್ರೆ ಉಳಿದವು. ಇಬ್ಬರ ಹೆಸರನ್ನೂ ಜೋಡಿಸಿದ ಆರು ಸಂಪುಟಗಳ ಆವೃತ್ತಿ ಬಂದದ್ದು 1888–89ರಲ್ಲಿ, ಮ್ಯಾಲೆಸನ್ ಸಂಪಾದಕತ್ವದಲ್ಲಿ. ಸತ್ತವರು ಆಕ್ಷೇಪಿಸಲು ಬರುತ್ತಾರೆಯೇ?

ನಿವೃತ್ತ ಲೆಕ್ಕಿಗ:
ಹಳೆಯ ಲೆಕ್ಕ ಒಪ್ಪದೆ ಆರಂಭಶಿಲ್ಕಿನಿಂದಲೇ ಮತ್ತೆ ಬರೆದಿದ್ದಾರೆ. ಶುದ್ಧ ಆಡಿಟ್ ಬುದ್ಧಿ.

ಸಂದೇಹಿ:
ಶುದ್ಧ ಆಡಿಟ್ ಎಲ್ಲಿಂದ ಬಂತು ಸ್ವಾಮಿ? ಪಾಟ್ನಾದ ಕಮಿಷನರ್ ವಿಲಿಯಂ ಟೇಲರ್ ವಿಷಯ ತೆಗೆದುಕೊಳ್ಳಿ. 1857ರ ಜೂನ್‌ನಲ್ಲಿ ಮಾತುಕತೆಗೆಂದು ಪಾಟ್ನಾದ ವಹಾಬಿ ಎಂಬ ಮುಸ್ಲಿಂ ಸುಧಾರಣಾ ಪಂಥದ ಮುಖಂಡರನ್ನು ಮನೆಗೆ ಕರೆಸಿ, ಬಂದವರನ್ನು ಅಲ್ಲೇ ಸೆರೆಹಿಡಿದ ಮನುಷ್ಯ ಆತ. ಮನೆಗೆ ಕರೆದು ಕೈಕೋಳ ತೊಡಿಸುವುದು ನಮ್ಮ ಕಡೆ ಯಾವ ಜಾತಿಯಲ್ಲೂ ಮರ್ಯಾದೆಯಲ್ಲ. ಟೇಲರನ ಮೇಲಧಿಕಾರಿ, ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಹ್ಯಾಲಿಡೇ, ಬೇರೆ ತಕರಾರಿನ ಮೇಲೆ ಆತನನ್ನು ಹುದ್ದೆಯಿಂದ ತೆಗೆದ. ಟೇಲರ್ ಇಪ್ಪತ್ತು ವರ್ಷ ನ್ಯಾಯ ಕೇಳುತ್ತಾ ತಿರುಗಿದ. ಮ್ಯಾಲೆಸನ್ ತಮ್ಮ ಚರಿತ್ರೆಯಲ್ಲಿ ಪೂರಾ ಟೇಲರ್ ಪರ ವಕಾಲತ್ತು ವಹಿಸಿದರು. ಹ್ಯಾಲಿಡೇ ತಾವೇ ಉತ್ತರ ಬರೆದುಕೊಳ್ಳಬೇಕಾಯಿತು. ಕೆಂಪು ಹೊತ್ತಗೆಯಲ್ಲಿ ಕಲ್ಕತ್ತೆಯ ಕಾರ್ಯದರ್ಶಿಗಳ ಮೇಲೆ ಏರಿಹೋದ ಅದೇ ಸ್ವರ, ಇಪ್ಪತ್ತು ವರ್ಷದ ಮೇಲೂ. ಒಬ್ಬನನ್ನು ಎತ್ತಬೇಕು, ಇನ್ನೊಬ್ಬನನ್ನು ತುಳಿಯಬೇಕು. ಇದು ಸಂಪಾದಕೀಯ, ಚರಿತ್ರೆಯಲ್ಲ.

ಧಾರವಾಡದ ಟೀಚರ್:
ಸಂದೇಹಿಯವರೇ, ಈ ಮಾತಿನಲ್ಲಿ ಹುರುಳಿದೆ. ಅವರು ಪಕ್ಷಪಾತಿ ಎಂದು ಅವರ ದೇಶದವರೇ ಬರೆದಿದ್ದಾರೆ. ಆದರೆ ಅದೇ ಪಕ್ಷಪಾತ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ಫೈಜಾಬಾದಿನ ಮೌಲವಿ ಅಹಮದುಲ್ಲಾ ಶಾ ಇಂಗ್ಲಿಷರ ಕಡುವೈರಿ. ಅವರ ತಲೆಗೆ 50,000 ರೂಪಾಯಿ ಬಹುಮಾನ ಸಾರಿದ್ದರು. 1858ರ ಜೂನ್‌ನಲ್ಲಿ ಪವಾಯಾಂ ರಾಜನ ಕಡೆಯವರು ಅವರನ್ನು ಗುಂಡಿಕ್ಕಿ ಕೊಂದು, ತಲೆ ತೆಗೆದುಕೊಂಡು ಹೋಗಿ ಒಪ್ಪಿಸಿದರು. ಇಂಥವರ ಬಗ್ಗೆ ಮ್ಯಾಲೆಸನ್ ಬರೆದದ್ದರ ಸಾರ ಇಷ್ಟು: ಅನ್ಯಾಯವಾಗಿ ಕಳೆದುಕೊಂಡ ಸ್ವಾತಂತ್ರ್ಯಕ್ಕಾಗಿ ಸಂಚು ಮಾಡಿ ಕಾದಾಡುವವನು ದೇಶಭಕ್ತನಾದರೆ, ಮೌಲವಿ ನಿಜವಾದ ದೇಶಭಕ್ತ. ಝಾನ್ಸಿಯ ರಾಣಿಯ ವಿಷಯದಲ್ಲೂ, ಇಂಗ್ಲಿಷರ ಕಣ್ಣಿಗೆ ಆಕೆಯ ತಪ್ಪುಗಳು ಏನೇ ಇರಲಿ, ಅನ್ಯಾಯವೇ ಆಕೆಯನ್ನು ದಂಗೆಗೆ ದೂಡಿತು ಎಂದು ಆಕೆಯ ನಾಡಿನವರು ನೆನೆಯುತ್ತಾರೆ ಎಂದರು. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕರ್ನಲ್ ಒಬ್ಬರ ಲೇಖನಿಯಿಂದ ಬಂದ ಮಾತುಗಳು ಇವು. ಅಳೆದು ತೂಗಿ ಬರೆಯುವ ಸರ್ಕಾರಿ ಚರಿತ್ರಕಾರ ಈ ಮಾತು ಆಡುತ್ತಿರಲಿಲ್ಲ.

ಇನ್ನು ಬಂಡಾಯದ ಹಿಂದೆ ಮೊದಲೇ ಹೂಡಿದ ಸಂಚು ಇತ್ತು, ಮೌಲವಿಯೇ ಅದರ ಮುಖ್ಯ ಸೂತ್ರಧಾರಿಗಳಲ್ಲಿ ಒಬ್ಬರು, ಬಂಡಾಯಕ್ಕೆ ಮೊದಲು ಕೈಯಿಂದ ಕೈಗೆ ಊರೂರಿಗೆ ಹೋದ ಚಪಾತಿಗಳು ಅದರ ಭಾಗ ಎಂಬ ವಾದವನ್ನು 1891ರ ಒಂದೇ ಸಂಪುಟದ ಪುಸ್ತಕದಲ್ಲಿ ಗಟ್ಟಿಯಾಗಿ ಮಂಡಿಸಿದವರೂ ಮ್ಯಾಲೆಸನ್. ಮುಂದೆ 1909ರಲ್ಲಿ ಸಾವರ್ಕರ್ 1857ನ್ನು ಸ್ವಾತಂತ್ರ್ಯ ಸಮರ ಎಂದು ಬರೆದಾಗ ಕೇ ಮತ್ತು ಮ್ಯಾಲೆಸನ್‌ರಿಂದಲೇ ಧಾರಾಳವಾಗಿ ಎತ್ತಿಕೊಂಡರು. ಇಂಗ್ಲಿಷರು ಒಳಸಂಚು ಎಂದದ್ದನ್ನು ಅವರು ಸಂಘಟಿತ ಹೋರಾಟ ಎಂದರು.

ನರಗುಂದದ ಹುಡುಗ:
ಟೀಚರ್, ಮೌಲವಿಯ ವಿಷಯ ನನಗೆ ಹೊಸದು. ಆದರೂ ಶತ್ರು ಸತ್ತ ಮೇಲೆ ಹೊಗಳುವುದು ಅಗ್ಗದ ಔದಾರ್ಯ.

ಸಂದೇಹಿ:
ಸಂಚಿನ ವಾದಕ್ಕೆ ಇವತ್ತಿನ ಬಹುಪಾಲು ಚರಿತ್ರಕಾರರ ಒಪ್ಪಿಗೆ ಇಲ್ಲ ಎಂಬುದನ್ನೂ ಸೇರಿಸಿ. ಒಬ್ಬೊಬ್ಬ ಖಳನಾಯಕ, ಒಬ್ಬೊಬ್ಬ ಸೂತ್ರಧಾರಿ ಇದ್ದರೆ ಪತ್ರಿಕೆಯಲ್ಲಿ ಬರೆಯಲು ಸುಲಭ.

ಪಟ್ಟಣದ ತೆಪ್ಪ:
ಶ್ರೀರಂಗಪಟ್ಟಣದವನಾಗಿ ನನ್ನದೊಂದು ಮಾತು. ಗಾರ್ಡಿಯನ್ ಆಗಿದ್ದಾಗಲೇ, 1876ರಲ್ಲಿ, ಮ್ಯಾಲೆಸನ್ ಶ್ರೀರಂಗಪಟ್ಟಣದ ಅಂದು ಇಂದಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಹಿಂದಿನ ವರ್ಷ ದೇಶೀ ಸಂಸ್ಥಾನಗಳ ಚರಿತ್ರೆ. ಅದೇ ವರ್ಷ ಇಟಲಿಯ ಜಿನೋವಾ ಚರಿತ್ರೆಯ ಮೇಲೊಂದು ಪುಸ್ತಕ! ಮೈಸೂರಿನ ಹುದ್ದೆಯಲ್ಲಿದ್ದುಕೊಂಡು ಜಿನೋವಾ ಚರಿತ್ರೆ ಹೊರತರುವಷ್ಟು ಬಿಡುವು ಇತ್ತೆಂದರೆ ಗಾರ್ಡಿಯನ್ ಕೆಲಸ ಎಷ್ಟು ಭಾರವಾಗಿದ್ದೀತು ಎಂದು ನೀವೇ ಊಹಿಸಿ.

ಆದರೆ ನಮಗೆ ಮುಖ್ಯವಾಗಬೇಕಾದದ್ದು ಅವರ ಫ್ರೆಂಚರ ಚರಿತ್ರೆ. ‘ಕಲ್ಕತ್ತಾ ರಿವ್ಯೂ’ಗೆ ಬರೆದ ಲೇಖನಗಳು ಬೆಳೆದು 1868ರಲ್ಲಿ ಪುಸ್ತಕವಾದವು, 1878ರಲ್ಲಿ ಫ್ರೆಂಚರ ಕೊನೆಯ ಹೋರಾಟಗಳ ಮೇಲೆ ಇನ್ನೊಂದು. ಡೂಪ್ಲೆ, ಬುಸ್ಸಿ, ನೌಕಾಪತಿ ಸಫ್ರಾಂ ಇವರನ್ನೆಲ್ಲ ಇಂಗ್ಲಿಷ್ ಓದುಗರಿಗೆ ಗೌರವದಿಂದ ಪರಿಚಯಿಸಿದರು. ಸಫ್ರಾಂ 1782ರ ಜುಲೈನಲ್ಲಿ ಕಡಲೂರಿನಲ್ಲಿ ಹೈದರ್ ಅಲಿಯನ್ನು ಕಂಡದ್ದು ಗೊತ್ತಿರಬಹುದು. ಸಮುದ್ರದಲ್ಲಿ ಫ್ರೆಂಚರು, ನೆಲದ ಮೇಲೆ ಹೈದರ್. ಆ ಎರಡು ವರ್ಷ ಇಂಗ್ಲಿಷರಿಗೆ ಮದ್ರಾಸಿನಲ್ಲಿ ನಿದ್ದೆ ಇರಲಿಲ್ಲ. ಭಾರತದ ನಿರ್ಣಾಯಕ ಯುದ್ಧಗಳ ಮೇಲೆ 1883ರಲ್ಲಿ ಬರೆದ ಪುಸ್ತಕದಲ್ಲಿ ಹೈದರ್ ಸೋತ ಪೋರ್ಟೊ ನೋವೊ ಯುದ್ಧಕ್ಕೂ ಒಂದು ಅಧ್ಯಾಯ ಕೊಟ್ಟಿದ್ದಾರೆ. ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ಕರ್ನಲ್ ಬೇಲಿ ಎಂಬವರ ಪಡೆ ನುಚ್ಚುನೂರಾದದ್ದಕ್ಕೆ ಪ್ರತ್ಯೇಕ ಅಧ್ಯಾಯ ಇಲ್ಲ. ಅದನ್ನು ನೋಡಬೇಕಾದರೆ ನಮ್ಮ ದರಿಯಾ ದೌಲತ್ ಅರಮನೆಯ ಗೋಡೆಚಿತ್ರಗಳಿಗೇ ಬರಬೇಕು.

ಮಂಡ್ಯದ ಬೆಲ್ಲ:
ತೆಪ್ಪದವರೇ, ಆ ಚಿತ್ರಗಳನ್ನು ದುರಸ್ತಿ ಮಾಡಿಸಿದ್ದು ಇದೇ ಡಾಲ್‌ಹೌಸಿ ಅಲ್ಲವೇ? ಮ್ಯಾಲೆಸನ್‌ಗೆ ಹೇಳಬೇಡಿ.

ಪಟ್ಟಣದ ತೆಪ್ಪ:
ಹೌದು. ಸಂಸ್ಥಾನ ನುಂಗುವವರಿಗೂ ಚಿತ್ರ ಇಷ್ಟವಾಗುತ್ತದೆ.

ಕೆರೆಯಂಗಳ:
ಯಾರೂ ಕೇಳದ ಪ್ರಶ್ನೆ. 1876ರಲ್ಲಿ ಮಳೆ ಹೋಯಿತು, ಮೈಸೂರಿನಲ್ಲಿ ಭೀಕರ ಬರಗಾಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. 1877ರ ಹೊಸ ವರ್ಷದ ದಿನ ಬಾಲ ಮಹಾರಾಜರು ದೆಹಲಿ ದರ್ಬಾರಿನಲ್ಲಿದ್ದರು. ಏಪ್ರಿಲ್ 1ಕ್ಕೆ ಮ್ಯಾಲೆಸನ್ ಪೂರ್ಣ ವೇತನದೊಂದಿಗೆ ನಿವೃತ್ತಿ. ಅವರು ಊರಿಗೆ ಹೋಗಿ ಬರೆದದ್ದು ಇಪ್ಪತ್ತು ವರ್ಷ ಹಳೆಯ ದಂಗೆಯ ಕಥೆ. ಕಣ್ಣೆದುರು ಸತ್ತವರಿಗೆ ಅಂಥ ಮೂರು ಸಂಪುಟ ಇಲ್ಲ.

ಅರಮನೆ ರಸ್ತೆ:
ಕೆರೆಯಂಗಳದವರೇ, ಆಡಳಿತ ಅವರ ಕೈಯಲ್ಲಿ ಇರಲಿಲ್ಲ, ಅದು ಚೀಫ್ ಕಮಿಷನರರದು. ಗಾರ್ಡಿಯನ್ ಕೆಲಸ ಮಹಾರಾಜರ ಓದು, ಆರೋಗ್ಯ, ಕುದುರೆ ಸವಾರಿ. ಅರಸು ಮನೆತನದ ಹುಡುಗರನ್ನು ಸೇರಿಸಿ ಅವರೊಡನೆ ಓದಲೆಂದು ಶಾಲೆಯನ್ನೂ ನಡೆಸಿದರು. ಬೆಂಗಳೂರು ಅರಮನೆಯ ಜಾಗವನ್ನು 1873ರಲ್ಲಿ ಬಾಲ ಮಹಾರಾಜರ ಹೆಸರಿನಲ್ಲಿ ಕೊಂಡದ್ದೂ ಈ ಕಾಲದಲ್ಲೇ.

ಕೆರೆಯಂಗಳ:
ಆಡಳಿತ ಇಲ್ಲದಿರಬಹುದು, ಲೇಖನಿ ಇತ್ತಲ್ಲ. ‘ಟೈಮ್ಸ್’ ಪತ್ರಿಕೆಗೂ ವರದಿ ಬರೆದವರು ಅವರು. ಕಲ್ಕತ್ತೆಯಲ್ಲಿ ಕುಳಿತು ದೆಹಲಿಯ ದಂಗೆಯನ್ನು ಬರೆಯಬಲ್ಲವರು ಮೈಸೂರಿನಲ್ಲಿ ಇದ್ದುಕೊಂಡು ಮೈಸೂರಿನ ಬರವನ್ನು ಗ್ರಂಥ ಮಾಡಲಿಲ್ಲ. ಸೋದರಮಾವ ‘ಪತ್ರಕರ್ತ’ ಎಂದು ಬೈದರಂತೆ. ನನ್ನ ದೂರು ಅವರು ಸಾಕಷ್ಟು ಪತ್ರಕರ್ತರಾಗಲಿಲ್ಲ ಎಂಬುದು.

ಧಾರವಾಡದ ಟೀಚರ್:
ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಒಪ್ಪಿದೆ.

ಕೋಟೆಬಾಗಿಲು:
ಕಪಾಟಿನ ಇಲಿಯ ಮೊದಲ ಪ್ರಶ್ನೆಗೆ ನನ್ನ ಊಹೆ. ಮ್ಯಾಲೆಸನ್ ನಂತರ ಬಂದ ಜೇಮ್ಸ್ ಗಾರ್ಡನ್ ಚೀಫ್ ಕಮಿಷನರ್ ಆಗಿ, 1881ರ ಮಾರ್ಚ್ 25ರಂದು ರಾಜ್ಯ ಮರಳಿ ಕೈಗೆ ಬಂದಾಗಲೂ ಇದ್ದು, ರೆಸಿಡೆಂಟ್ ಕೂಡ ಆದರು. ಗಾರ್ಡನ್ ಪಾರ್ಕ್ ಮೈಸೂರಿನಲ್ಲಿ ಇಂದಿಗೂ ಇದೆ. ರಂಗಾಚಾರ್ಲು ದಿವಾನರಾದರು. ಸಂಭ್ರಮಕ್ಕೆ ನಾಲ್ಕು ವರ್ಷ ಮೊದಲೇ ಊರುಬಿಟ್ಟವರನ್ನು ಯಾರು ನೆನೆಯುತ್ತಾರೆ?

ಮಂಡ್ಯದ ಬೆಲ್ಲ:
ಚಾಮರಾಜೇಂದ್ರರು ದೊಡ್ಡವರಾಗಿ ನಾಟಕ ಕಂಪನಿ ಕಟ್ಟಿಸಿದರು, ಬಸವಪ್ಪ ಶಾಸ್ತ್ರಿಗಳು ಕನ್ನಡದಲ್ಲಿ ಶಾಕುಂತಲ ಬರೆದರು. ಅದರಲ್ಲಿ ಗಾರ್ಡಿಯನ್ ಸಾಹೇಬರ ಪಾಲು ಸೊನ್ನೆ ಎಂದುಕೊಳ್ಳೋಣವೇ?

ಅರಮನೆ ರಸ್ತೆ:
ನಾಟಕದ ವಿಷಯ ಬೇರೆ. ಅದಕ್ಕೆ ಇಲ್ಲಿ ಕೈಹಾಕಿದರೆ ಇರುಳು ಕಳೆಯುತ್ತದೆ.

ಥೇಮ್ಸ್ ಕನ್ನಡತಿ:
ಅವರು 1898ರ ಮಾರ್ಚ್ 1ರಂದು ತೀರಿಕೊಂಡದ್ದು ಲಂಡನ್ನಿನ ವೆಸ್ಟ್ ಕ್ರಾಮ್‌ವೆಲ್ ರಸ್ತೆಯ ಮನೆಯಲ್ಲಿ. ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ರಸ್ತೆ, ಈಗ ಬರೀ ವಾಹನಗಳ ಗದ್ದಲ. ಕೊನೆಯವರೆಗೂ ಬರೆಯುತ್ತಲೇ ಇದ್ದರು: ಅಕ್ಬರ್, ಡೂಪ್ಲೆ, ಕ್ಲೈವ್, ವಾರನ್ ಹೇಸ್ಟಿಂಗ್ಸ್ ಜೀವನಚರಿತ್ರೆಗಳು, ಹೆರಾತ್ ಮೇಲೊಂದು ಪುಸ್ತಕ, ರಷ್ಯಾ ಬಂತು ರಷ್ಯಾ ಬಂತು ಎಂಬ ಎಚ್ಚರಿಕೆಗಳು. ಸಾಯುವ ಹಿಂದಿನ ವರ್ಷ ಬಂದದ್ದು ಆಸ್ಟ್ರಿಯಾ, ಹಂಗೇರಿಯ ಕೆರೆ ನದಿಗಳ ಪುಸ್ತಕ. ಇಷ್ಟು ಬರೆದವರು ಒಂದು ಪುಸ್ತಕಕ್ಕೆ ಎಷ್ಟು ದಿನ ಕೊಟ್ಟಿರಬಹುದು ಎಂಬುದು ನನ್ನ ಅನುಮಾನ.

ಕಪಾಟಿನ ಇಲಿ:
ಎಲ್ಲರಿಗೂ ಧನ್ಯವಾದ. ಓದಲು ಯಾವುದರಿಂದ ಶುರುಮಾಡಲಿ? ಆರು ಸಂಪುಟಕ್ಕೆ ಧೈರ್ಯವಿಲ್ಲ.

ಕೋಟೆಬಾಗಿಲು:
1891ರ ಒಂದೇ ಸಂಪುಟದ್ದು ಸಾಕು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಸಂದೇಹಿ:
ಬೇಡ, ಕೆಂಪು ಹೊತ್ತಗೆ ಓದಿ. ಮನುಷ್ಯ ಏನು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಕೇ ಅವರ ಮೂರನೆಯ ಸಂಪುಟವನ್ನೂ ಇವರದನ್ನೂ ಎದುರುಬದುರು ಇಟ್ಟುಕೊಂಡು ಒಂದೇ ಊರಿನ ಕಥೆ ಓದಿ. ಪಾಟ್ನಾ ಆದರೆ ಇನ್ನೂ ಒಳ್ಳೆಯದು.

ನರಗುಂದದ ಹುಡುಗ:
ಪಾಟ್ನಾದಲ್ಲಿ ಪೀರ್ ಅಲಿ ಎಂಬ ಪುಸ್ತಕ ವ್ಯಾಪಾರಿಯನ್ನು ಇದೇ ಟೇಲರ್ 1857ರ ಜುಲೈನಲ್ಲಿ ಗಲ್ಲಿಗೆ ಹಾಕಿಸಿದ. ಅವರ ಬಗ್ಗೆ ಬರೆಯಲು ಬೇರೆ ಎಳೆ ತೆರೆಯುತ್ತೇನೆ. ಸಂದೇಹಿಯವರು ಬರಲೇಬೇಕು.

ಸಂದೇಹಿ:
ಬರುತ್ತೇನೆ. ಆದರೆ ಅಲ್ಲಿಯೂ ಒಪ್ಪುತ್ತೇನೆ ಎಂದುಕೊಳ್ಳಬೇಡಿ.